ಕಿವಿ ಮೇಸ್ತ್ರಿ

ಎಂಜಿನ್ನಿನ ಮೈ ಮುಟ್ಟಿ ನೋಡದೆ ಕೀಲಿ ತಿರುಗಿಸಬಾರದು. ಇದು ಕಿವಿ ಮೇಸ್ತ್ರಿ ಎಲ್ಲರಿಗೂ ಹೇಳುತ್ತಿದ್ದ ಮೊದಲ ಪಾಠ. ಹಳೇ ಗಾಡಿ ಮಾರುವವರಿಗೆ ಒಂದು ಚಾಳಿ ಇರುತ್ತದೆ. ಗಿರಾಕಿ ಬರುವ ಅರ್ಧ ಗಂಟೆ ಮೊದಲೇ ಗಾಡಿಯನ್ನು ಒಂದು ಸುತ್ತು ಓಡಿಸಿ ಬಿಸಿ ಮಾಡಿಟ್ಟಿರುತ್ತಾರೆ. ಬಿಸಿಯಾದ ಎಂಜಿನ್ನು ನೆಂಟರ ಮುಂದೆ ಕೂತ ಮಗುವಿದ್ದ ಹಾಗೆ, ಗಲಾಟೆ ಮಾಡುವುದಿಲ್ಲ. ಅದರ ಅಸಲಿ ಗುಣ ಗೊತ್ತಾಗಬೇಕಾದರೆ ರಾತ್ರಿಯೆಲ್ಲ ತಣ್ಣಗೆ ಮಲಗಿದ್ದದ್ದನ್ನು ಎಬ್ಬಿಸಬೇಕು. ಎದ್ದ ಮೊದಲ ಮೂರು ಸೆಕೆಂಡಿನಲ್ಲಿ ಅದು ಏನು ಗೊಣಗುತ್ತದೋ ಅದೇ ಸತ್ಯ. ಆಮೇಲಿನದೆಲ್ಲ ಮಾರುವವನ ಮಾತು.

ಆ ಮೂರು ಸೆಕೆಂಡು ಕೇಳುವುದಕ್ಕಾಗಿ ಜನ ಮೂವತ್ತು ವರ್ಷದಿಂದ ಮೇಸ್ತ್ರಿಯನ್ನು ಹುಡುಕಿಕೊಂಡು ಬರುತ್ತಿದ್ದರು. ಅವನ ಕೈಯಲ್ಲಿ ಮೊಳದುದ್ದದ ಒಂದು ಸ್ಕ್ರೂಡ್ರೈವರ್. ಅದರ ಮರದ ಹಿಡಿ ಕಿವಿಯ ಜಿಡ್ಡು ಕುಡಿದು ಕುಡಿದು ಕಪ್ಪಾಗಿತ್ತು. ತುದಿಯನ್ನು ಎಂಜಿನ್ನಿನ ಮೇಲೆ ಊರಿ, ಹಿಡಿಯನ್ನು ಕಿವಿಯ ಬುಡಕ್ಕೆ ಒತ್ತಿ, ಕಣ್ಣು ಅರ್ಧ ಮುಚ್ಚಿ ನಿಂತನೆಂದರೆ ಸುತ್ತಲಿದ್ದವರು ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದರು. 'ಗಟ್ಟಿ ಇದೆ' ಎಂದರೆ ವ್ಯಾಪಾರ ಮುಗಿಯಿತು. 'ಮನೆಗೆ ಹೋಗಿ' ಎಂದರೆ ಅದೂ ಮುಗಿಯಿತು. ಗ್ಯಾರೇಜಿನ ಓನರು ಇದನ್ನು ನೋಡಿಯೇ ಬಾಗಿಲ ಮೇಲಿನ ಬೋರ್ಡಿನಲ್ಲಿ ಆಳೆತ್ತರದ ಕಿವಿಯೊಂದರ ಚಿತ್ರ ಬರೆಸಿದ್ದ. ಕಿವಿ ಮೇಸ್ತ್ರಿಯದು, ಬೋರ್ಡು ಓನರಿನದು.

ಆ ಕಿವಿ ನಾಲ್ಕು ವರ್ಷದ ಹಿಂದೆಯೇ ಕೈಕೊಟ್ಟಿತ್ತು. ಇದು ಗೊತ್ತಿದ್ದವರು ಇಬ್ಬರೇ, ಮೇಸ್ತ್ರಿ ಮತ್ತು ಅವನ ಹೆಂಡತಿ. ಹಾಗೆಂದು ಅವನು ತಿಳಿದುಕೊಂಡಿದ್ದ.

ಮೊದಲು ಹೋದದ್ದು ಸಣ್ಣ ಸದ್ದುಗಳು. ಹಕ್ಕಿ ಹೋಯಿತು. ಫೋನಿನ ಗಂಟೆ ಹೋಯಿತು. ಕುಕ್ಕರಿನ ಸೀಟಿ ಹೋಯಿತು. ದಪ್ಪ ಸದ್ದುಗಳು ಉಳಿದಿದ್ದವು. ಗಂಡಸರ ಮಾತು, ಲಾರಿಯ ಗುಡುಗು, ಬೇರಿಂಗು ಸತ್ತ ಎಂಜಿನ್ನಿನ ದಬದಬ, ಇವೆಲ್ಲ ಸ್ಕ್ರೂಡ್ರೈವರಿನ ಮೂಲಕ ಮೂಳೆಗೆ ತಟ್ಟುತ್ತಿದ್ದವು. ಸಣ್ಣ ಸದ್ದುಗಳಿಗಾಗಿ ಅವನು ಬೇರೊಂದು ವಿದ್ಯೆ ಕಲಿತ. ಎಂಜಿನ್ನು ಶುರುವಾದಾಗ ಅರೆಮುಚ್ಚಿದ ರೆಪ್ಪೆಯ ಅಡಿಯಿಂದ ಸುತ್ತಲಿನ ಮುಖಗಳನ್ನು ನೋಡುವುದು. ಕೆಟ್ಟ ಸದ್ದು ಕೇಳಿದ ಮನುಷ್ಯನ ಹುಬ್ಬು ಅವನಿಗೇ ತಿಳಿಯದ ಹಾಗೆ ಗಂಟಿಕ್ಕುತ್ತದೆ. ಮಾರುವವನ ಕಣ್ಣು ನೆಲ ಹುಡುಕುತ್ತದೆ. ಅಷ್ಟು ಸಿಕ್ಕರೆ ಸಾಕು, ಮಿಕ್ಕದ್ದನ್ನು ಅನುಭವ ತುಂಬಿಕೊಡುತ್ತಿತ್ತು. ಹೀಗೆ ನಾಲ್ಕು ವರ್ಷ ಅವನು ಬೇರೆಯವರ ಕಿವಿಯನ್ನು ಕದ್ದು ಕೇಳಿ, ಆ ತೀರ್ಪನ್ನು ಅವರಿಗೇ ವಾಪಸು ಮಾರಿದ.

ಅವತ್ತು ಬೆಳಿಗ್ಗೆ ಶೆಡ್ಡಿನ ಬಾಗಿಲಲ್ಲಿ ನಿಂತವನನ್ನು ನೋಡಿ ಮೇಸ್ತ್ರಿಯ ಕೈಯಲ್ಲಿದ್ದ ಚಹಾ ಲೋಟ ಅಲ್ಲೇ ನಿಂತಿತು.

"ಏನೋ ಮೇಸ್ತ್ರೀ, ಭೂತ ನೋಡಿದ ಹಾಗೆ ನೋಡ್ತೀಯಾ? ನಾನೇ ಕಣೋ. ಇನ್ನೂ ಸತ್ತಿಲ್ಲ."

ಸುತ್ತಿಗೆ! ಹನ್ನೆರಡು ವರ್ಷದ ಹಿಂದೆ ಇದೇ ಶೆಡ್ಡಿನ ಟಿಂಕರ್. ನುಜ್ಜುಗುಜ್ಜಾದ ಬಾಗಿಲು, ಬಂಪರುಗಳನ್ನು ಬಡಿದು ಬಡಿದು ಮೊದಲಿನ ಆಕಾರಕ್ಕೆ ತರುತ್ತಿದ್ದವನು. ದಿನಕ್ಕೆ ಹತ್ತು ಗಂಟೆ ಬಡಿತ. ಅದಕ್ಕೇ ಆ ಹೆಸರು. ಈಗ ಅವನ ಎಡಗಿವಿಯ ಹಿಂದೆ ಹುರುಳಿಕಾಳಿನ ಬಣ್ಣದ ಪುಟ್ಟ ಮಿಷನ್ನು ಕೂತಿತ್ತು. ಪಕ್ಕದಲ್ಲಿ ಮಗಳು. ಇಪ್ಪತ್ತಾರು ಇಪ್ಪತ್ತೇಳಿರಬಹುದು. ಜಡೆಯನ್ನು ಟೋಪಿಯೊಳಗೆ ತುರುಕಿಕೊಂಡಿದ್ದಳು.

"ದೊಡ್ಡಪ್ಪ, ನನ್ನ ಗುರುತು ಸಿಕ್ತಾ? ನಿಮ್ಮ ಟೂಲ್ ಡಬ್ಬಿ ಮೇಲೆ ಕೂತು ಬಿಸ್ಕತ್ತು ತಿಂತಿದ್ದೆ."

ಅವಳ ಒಂದೊಂದು ಅಕ್ಷರವೂ ಮೇಸ್ತ್ರಿಗೆ ಕೇಳಿಸಿತು. ಕಿವುಡ ಅಪ್ಪನ ಜೊತೆ ಬೆಳೆದ ಹುಡುಗಿ. ಮುಖಕ್ಕೆ ಮುಖ ಕೊಟ್ಟು, ತುಟಿ ಬಿಚ್ಚಿ, ನಿಧಾನಕ್ಕೆ ಮಾತಾಡುವುದು ಅಭ್ಯಾಸವಾಗಿತ್ತು. ಎಷ್ಟೋ ತಿಂಗಳ ಮೇಲೆ, ಮನೆಯ ಹೊರಗೆ, ಒಬ್ಬ ಹೆಂಗಸಿನ ಮಾತನ್ನು ಮೇಸ್ತ್ರಿ ಊಹೆ ಮಾಡದೆ ಕೇಳಿದ.

ವಿಷಯ ಇಷ್ಟು. ಮಗಳು ಬೇರೆಯವರ ಗಾಡಿ ಓಡಿಸಿ ಸಾಕಾಗಿ ಸ್ವಂತದ್ದೊಂದು ಕೊಳ್ಳಲು ಹೊರಟಿದ್ದಳು. ಕಿಡ್ನಿ ಕೆಟ್ಟು ರಕ್ತ ಶುದ್ಧಿ ಮಾಡಿಸಿಕೊಳ್ಳುವ ರೋಗಿಗಳನ್ನು ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಕರೆದೊಯ್ದು ಮನೆಗೆ ಬಿಡುವ ಕೆಲಸ ಸಿಕ್ಕಿತ್ತು. ಬ್ರೋಕರ್ ಒಬ್ಬ ಬಿಳಿ ಕಾರೊಂದನ್ನು ತೋರಿಸಿದ್ದ. ಓಡಿದ್ದು ಎರಡು ಲಕ್ಷದ ಹದಿನಾಲ್ಕು ಸಾವಿರ ಕಿಲೋಮೀಟರು.

"ಜಾಸ್ತಿ ಓಡಿದೆ ಅಂತ ಗೊತ್ತು ದೊಡ್ಡಪ್ಪ. ಓಡಿರಲಿ, ಪರವಾಗಿಲ್ಲ. ದಾರಿ ಮಧ್ಯ ನಿಲ್ಲಬಾರದು ಅಷ್ಟೆ. ಹಿಂದೆ ಕೂತಿರೋರು ಕಾಯೋ ಸ್ಥಿತೀಲಿ ಇರಲ್ಲ."

"ನನಗಂತೂ ಕೇಳಿಸಲ್ಲ," ಸುತ್ತಿಗೆ ಕಿವಿಯ ಮಿಷನ್ನು ತಟ್ಟಿ ನಕ್ಕ. "ಅದಕ್ಕೇ ಇವಳಿಗೆ ಹೇಳಿದೆ, ಇಡೀ ಊರಲ್ಲಿ ಒಂದೇ ಒಂದು ನಂಬೋ ಕಿವಿ ಇದೆ, ಮನುಷ್ಯ ಹ್ಯಾಗೇ ಇರಲಿ ಕಿವಿ ಮಾತ್ರ ಅಪ್ಪಟ, ನಡಿ ಅಲ್ಲಿಗೇ ಹೋಗೋಣ ಅಂತ."

ಮನುಷ್ಯ ಹ್ಯಾಗೇ ಇರಲಿ. ನಗುತ್ತಲೇ ಅಂದಿದ್ದ. ಆದರೆ ಇಬ್ಬರಿಗೂ ಅದರ ಅರ್ಥ ಗೊತ್ತಿತ್ತು.

ಹನ್ನೆರಡು ವರ್ಷದ ಹಿಂದೆ ಸುತ್ತಿಗೆ ಒಂದು ಅರ್ಜಿ ಬರೆದಿದ್ದ. ಶೆಡ್ಡಿನಲ್ಲಿ ದುಡಿಯುವವರಿಗೆಲ್ಲ ಕಿವಿಗೆ ಹಾಕಿಕೊಳ್ಳುವ ಮುಚ್ಚಳ ಕೊಡಿಸಬೇಕು, ವರ್ಷಕ್ಕೊಮ್ಮೆ ಡಾಕ್ಟರ ಹತ್ತಿರ ಕಿವಿ ತೋರಿಸಬೇಕು. ಅಷ್ಟೇ ಎರಡು ಸಾಲು. ಹನ್ನೊಂದು ಜನ ಸಹಿ ಹಾಕಿದ್ದರು. ಹಿರಿಯನ ಹೆಸರು ಮೇಲಿರಲಿ ಎಂದು ಮೊದಲ ಸಾಲನ್ನು ಖಾಲಿ ಬಿಟ್ಟು, ಕಾಗದವನ್ನು ಮೇಸ್ತ್ರಿಯ ಮುಂದೆ ಹಿಡಿದ. ಮೇಸ್ತ್ರಿ ಓದಿದ. ಆಮೇಲೆ ಶೆಡ್ಡಿಗೆಲ್ಲ ಕೇಳಿಸುವಂತೆ ನಕ್ಕ. "ಕಿವಿ ಮುಚ್ಚಿಕೊಂಡು ಮೇಸ್ತ್ರಿ ಕೆಲಸ ಮಾಡೋದಾ? ಹಾಗಾದ್ರೆ ಕಣ್ಣಿಗೂ ಬಟ್ಟೆ ಕಟ್ಟಿಕೊಳ್ಳೋಣ! ಗಂಡಸಾದವನಿಗೆ ಸದ್ದು ಅಂದ್ರೆ ಭಯವೇನೋ?" ಓನರು ತನ್ನ ಗಾಜಿನ ಕೋಣೆಯೊಳಗಿಂದ ಅದನ್ನು ನೋಡಿ ಮುಗುಳ್ನಕ್ಕ. ಹಿರಿಯನೇ ನಕ್ಕ ಮೇಲೆ ಹನ್ನೊಂದು ಜನ ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರಿನ ಮೇಲೆ ಗೀಟು ಎಳೆದರು. ತಿಂಗಳೊಳಗೆ ಸುತ್ತಿಗೆಗೆ ಕೆಲಸ ಹೋಯಿತು. ಅದೇ ವರ್ಷ ಓನರಿನ ಕೋಣೆಗೆ ದಪ್ಪ ಗಾಜು ಬಂತು, ಹೊರಗಿನ ಸದ್ದು ಒಳಗೆ ಬಾರದಂಥದ್ದು. ನೋಡಿ, ಕಿವಿಯ ಬೆಲೆ ಅವನಿಗೆ ಗೊತ್ತಿರಲಿಲ್ಲ ಎನ್ನಬೇಡಿ. ಚೆನ್ನಾಗಿ ಗೊತ್ತಿತ್ತು. ಯಾರ ಕಿವಿ ಎಂಬುದಷ್ಟೇ ಪ್ರಶ್ನೆ.

ಇವತ್ತು ಆ ಸುತ್ತಿಗೆ ಅದೇ ಮೇಸ್ತ್ರಿಯ ಕಿವಿಯನ್ನು ನಂಬಿ ಮಗಳನ್ನು ಕರೆತಂದಿದ್ದ. ಬೇರೆ ಮೇಸ್ತ್ರಿಯ ಹತ್ತಿರ ಹೋಗಿ ಎನ್ನಬಹುದಿತ್ತು. ಬಾಯಿ ಬರಲಿಲ್ಲ. ಯಾಕೆ ಎಂದು ಕೇಳಿದರೆ ಹೇಳಬೇಕಾಗುತ್ತಿತ್ತು. ನೀನು ಆವತ್ತು ಹೇಳಿದ್ದೇ ಆಯಿತು, ನಾನು ನಕ್ಕದ್ದು ನನ್ನ ಕಿವಿಗೇ ಬಂತು ಎಂದು ಹೇಳಬೇಕಾಗುತ್ತಿತ್ತು.

ಬ್ರೋಕರನ್ನು ಎಲ್ಲರೂ ಬೆಣ್ಣೆ ಎನ್ನುತ್ತಿದ್ದರು. ಹಚ್ಚುವುದೇ ಅವನ ಕಸುಬು. ರಾತ್ರಿಯೇ ತಂದು ಶೆಡ್ಡಿನ ಅಂಗಳದಲ್ಲಿ ನಿಲ್ಲಿಸಿದ್ದ ಬಿಳಿ ಕಾರಿನ ಬಾನೆಟ್ಟು ಎತ್ತಿ, ಮದುಮಗಳ ಮುಸುಕು ಸರಿಸಿದವನ ಹಾಗೆ ನಿಂತ. "ಮುಟ್ಟಿ ನೋಡಿ ಮೇಸ್ತ್ರಿಗಳೇ, ಐಸು. ನಿಮ್ಮ ಹತ್ರ ಆಟ ಆಡ್ತೀನಾ ನಾನು?"

ಮೇಸ್ತ್ರಿ ಮುಟ್ಟಿದ. ತಣ್ಣಗಿತ್ತು. "ಇದನ್ನ ಕಲಿತುಕೋ," ಎಂದ ಮಗಳಿಗೆ. "ಯಾವ ಗಾಡೀನೇ ಆಗಲಿ, ಮೊದಲು ಕೈ ಇಡು." ಬಿಸಿ ಎಂಜಿನ್ನಿನ, ನೆಂಟರ ಮುಂದಿನ ಮಗುವಿನ ಮಾತು ಹೇಳಿದ. ಅವಳು ನಕ್ಕು ತಾನೂ ಕೈಯಿಟ್ಟಳು.

ಕಣ್ಣು, ಮೂಗು, ಬೆರಳಿನ ಕೆಲಸದಲ್ಲಿ ಮೇಸ್ತ್ರಿ ಯಾವ ಮೋಸವನ್ನೂ ಮಾಡಲಿಲ್ಲ. ಆಯಿಲ್ ತುಂಬುವ ಮುಚ್ಚಳ ತೆಗೆದು ಒಳಮೈ ನೋಡಿದ. ನೀರು ಬೆರೆತಿದ್ದರೆ ಕೆನೆಯ ಹಾಗೆ ಬೆಳ್ಳಗೆ ಅಂಟಿರುತ್ತದೆ, ಇಲ್ಲಿ ಇರಲಿಲ್ಲ. ಆಯಿಲ್ ನೋಡುವ ಕಡ್ಡಿಯನ್ನು ಬಟ್ಟೆಗೆ ಒರೆಸಿ ಎರಡು ಬೆರಳ ನಡುವೆ ಉಜ್ಜಿದ. ಕಪ್ಪಗಿತ್ತು, ಆದರೆ ಲೋಹದ ಪುಡಿ ಹತ್ತಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟ. ನಾಲ್ಕೂ ಒಂದೇ ಬಣ್ಣ. ಒಂದೊಂದೇ ಸಿಲಿಂಡರಿಗೆ ಮೀಟರು ಕೂರಿಸಿ ಎಂಜಿನ್ನನ್ನು ಎರಡೆರಡು ಸುತ್ತು ತಿರುಗಿಸಿ ಒತ್ತಡ ನೋಡಿದ. ವಯಸ್ಸಿಗೆ ತಕ್ಕಂತಿತ್ತು.

"ಇನ್ನು ಸ್ಟಾರ್ಟ್ ಮಾಡಿ," ಎಂದ, ಪ್ಲಗ್ಗು ಕೂರಿಸಿ.

ಸ್ಕ್ರೂಡ್ರೈವರ್ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಅರ್ಧ ಮುಚ್ಚಿದ. ಬೆಣ್ಣೆ ಕೀಲಿ ತಿರುಗಿಸಿದ. ಎಂಜಿನ್ನು ಎದ್ದಿತು. ಮೂಳೆಗೆ ಸಮನಾದ ಗುರುಗುಟ್ಟು ತಟ್ಟಿತು. ಮೇಸ್ತ್ರಿ ಅಭ್ಯಾಸದಂತೆ ಮುಖಗಳನ್ನು ನೋಡಿದ.

ತಪ್ಪು ಆದದ್ದು ಅಲ್ಲಿ. ಬೆಣ್ಣೆಯ ಮುಖ ನೋಡಿದ. ಇಪ್ಪತ್ತು ವರ್ಷ ಹಳೇ ಗಾಡಿ ಮಾರಿದ ಆ ಮುಖದ ಮೇಲೆ ಸಿಡಿಲು ಬಿದ್ದರೂ ಹುಬ್ಬು ಅಲ್ಲಾಡುವುದಿಲ್ಲ. ಸುತ್ತಿಗೆಯ ಮುಖ ನೋಡಿದ. ಅವನು ತಲೆದೂಗುತ್ತಿದ್ದ, ಬೆಣ್ಣೆ ಬಾಯಿ ತೆರೆದಾಗಲೇ ಅವನು ಕಿವಿಯ ಮಿಷನ್ನನ್ನು ಆರಿಸಿಬಿಟ್ಟಿದ್ದ. ನೋಡಬೇಕಾಗಿದ್ದದ್ದು ಮಗಳ ಮುಖ. ಅವಳ ಕಡೆ ಕಣ್ಣೆತ್ತಲು ಮೇಸ್ತ್ರಿಗೆ ನಾಚಿಕೆಯಾಗಿತ್ತು.

"ಗಟ್ಟಿ ಇದೆ," ಎಂದ.

"ದೊಡ್ಡಪ್ಪ," ಮಗಳು ಹತ್ತಿರ ಬಂದಳು. "ಶುರುವಾದಾಗ ಒಂಥರಾ ಸದ್ದು ಬಂತಲ್ಲ? ದಾರ ಕಡಿದು ಮಣಿಗಳು ತಗಡಿನ ಡಬ್ಬಿಗೆ ಸುರಿದ ಹಾಗೆ. ಎರಡು ಮೂರು ಸೆಕೆಂಡು ಅಷ್ಟೆ. ಆಮೇಲೆ ನಿಂತುಹೋಯ್ತು."

ಮೇಸ್ತ್ರಿಗೆ ಗೊತ್ತಾಗಲಿಲ್ಲವೆಂದಲ್ಲ. ಮಣಿ, ತಗಡು, ಎರಡು ಮೂರು ಸೆಕೆಂಡು. ಇದಕ್ಕಿಂತ ಸರಿಯಾಗಿ ಯಾವ ಮೇಸ್ತ್ರಿಯೂ ಹೇಳಲಾರ. ಟೈಮಿಂಗ್ ಚೈನು. ಎಂಜಿನ್ನಿನ ಮೇಲ್ಭಾಗವನ್ನೂ ಕೆಳಭಾಗವನ್ನೂ ಒಂದೇ ತಾಳಕ್ಕೆ ಕಟ್ಟಿಟ್ಟಿರುವ ಸರಪಳಿ. ವಯಸ್ಸಾಗಿ ಜೋತುಬಿದ್ದರೆ, ತಣ್ಣಗಿದ್ದಾಗ, ಆಯಿಲ್ ಮೇಲಕ್ಕೇರುವವರೆಗೆ ಹೀಗೆ ಎಂಜಿನ್ನಿನ ಒಳಗೋಡೆಗೆ ಬಡಿಯುತ್ತದೆ. ಒಂದು ದಿನ ಹಲ್ಲು ತಪ್ಪುತ್ತದೆ. ಆಗ ವಾಲ್ವೂ ಪಿಸ್ಟನ್ನೂ ಮುಖಾಮುಖಿ ಡಿಕ್ಕಿ ಹೊಡೆದು ಎಂಜಿನ್ನು ಗುಜರಿಯಾಗುತ್ತದೆ. ಹೇಳಿಕೇಳಿ ಬರುವುದಿಲ್ಲ. ಹೆದ್ದಾರಿಯ ನಡುವೆಯೂ ಆಗಬಹುದು, ಹಿಂದಿನ ಸೀಟಿನಲ್ಲಿ ರೋಗಿ ಕೂತಿರುವಾಗಲೂ ಆಗಬಹುದು.

ಬೆಣ್ಣೆ ಮೇಸ್ತ್ರಿಯನ್ನೇ ನೋಡುತ್ತಿದ್ದ. ಶೆಡ್ಡಿನ ಆಳುಗಳು ನೋಡುತ್ತಿದ್ದರು. ಗಾಜಿನ ಹಿಂದಿನಿಂದ ಓನರೂ. ಹೌದಲ್ಲ, ನನಗೆ ತಪ್ಪಿಹೋಯಿತು ಎನ್ನಬೇಕಿತ್ತು. ಕಿವಿ ಮೇಸ್ತ್ರಿಗೆ ಕೇಳದ ಸದ್ದು ನಿನ್ನೆ ಮೊನ್ನೆಯ ಹುಡುಗಿಗೆ ಕೇಳಿಸಿತೇ?

"ಹಳೇ ಗಾಡಿ ಅಲ್ವಾ," ಮೇಸ್ತ್ರಿ ನಕ್ಕ. "ಬೆಳಿಗ್ಗೆ ಎದ್ದಾಗ ಮೈ ಮುರೀತದೆ. ನಿನ್ನ ವಯಸ್ಸಿಗೆ ಅದು ಗೊತ್ತಾಗಲ್ಲ, ನಮ್ಮನ್ನ ಕೇಳು."

ಆಳುಗಳು ನಕ್ಕರು. ಬೆಣ್ಣೆ ಎಲ್ಲರಿಗಿಂತ ಜೋರಾಗಿ ನಕ್ಕ. ಮಗಳ ಮುಖ ಕೆಂಪಾಯಿತು. "ಇರಬಹುದು," ಎಂದಳು. ತನ್ನ ಕಿವಿಯನ್ನೇ ಅನುಮಾನಿಸಿದವಳ ಹಾಗೆ ತಲೆ ತಗ್ಗಿಸಿದಳು. ನಾಲ್ಕು ಗಂಟೆಗೆ ಕಾಗದಪತ್ರ ಮಾಡೋಣ ಎಂದು ಮಾತಾಯಿತು.

ಹನ್ನೆರಡು ವರ್ಷದ ಹಿಂದಿನದೇ ನಗು. ಮೇಸ್ತ್ರಿಗೆ ಅದು ತನ್ನ ಬಾಯಿಂದ ಹೊರಟ ಮೇಲೆ ಗುರುತು ಸಿಕ್ಕಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದ. ಎರಡು ಕೋಣೆಯ ಮನೆ. ಬಾಗಿಲು ತಟ್ಟಿದರೆ ಗಂಡನಿಗೆ ತಿಳಿಯಲೆಂದು ಹೆಂಡತಿ ಒಂದು ದಾರ ಕಟ್ಟಿ, ಒಳಗೆ ಕೆಂಪು ರಿಬ್ಬನ್ನು ಅಲ್ಲಾಡುವಂತೆ ಮಾಡಿದ್ದಳು. ಕೇಳಿದವರಿಗೆ, ಬೆಕ್ಕಿಗೆ ಆಟಕ್ಕೆ ಅಂತ ಕಟ್ಟಿದ್ದು ಎನ್ನುತ್ತಿದ್ದಳು. ಮನೆಯಲ್ಲಿ ಬೆಕ್ಕಿರಲಿಲ್ಲ.

ತಟ್ಟೆಯ ಮುಂದೆ ಕೂತು ಅನ್ನ ಕಲಸುತ್ತಲೇ ಇದ್ದ ಗಂಡನನ್ನು ಅವಳು ನೋಡಿದಳು. "ಏನಾಯ್ತು?"

ಹೇಳಿದ. ಮಣಿಗಳು ತಗಡಿನ ಡಬ್ಬಿಗೆ ಸುರಿದ ಮಾತನ್ನೂ ಹೇಳಿದ. ತಾನು ನಕ್ಕದ್ದನ್ನು ಹೇಳುವಾಗ ಅವಳ ಮುಖ ನೋಡಲಿಲ್ಲ. ನೋಡದಿದ್ದರೆ ಉತ್ತರವೂ ಕೇಳಿಸುವುದಿಲ್ಲವಲ್ಲ. ಅವಳು ಎದ್ದು ಬಂದು ಅವನ ಗದ್ದ ಹಿಡಿದು ಮುಖ ಎತ್ತಿಸಿದಳು.

"ಕಿವಿ ಕೇಳಿಸದೇ ಇರೋದು ನಾಚಿಕೆ ಅಲ್ಲ ಕಣ್ರೀ. ಕೇಳಿಸಿದವಳನ್ನ ನಗೆಪಾಟಲು ಮಾಡಿದಿರಲ್ಲ, ಅದು ನಾಚಿಕೆ."

"ಈಗ ಹೇಳಿದ್ರೆ ಮೂವತ್ತು ವರ್ಷದ ಹೆಸರು..."

"ಹೆಸರಾ? ಆ ಹೆಸರನ್ನ ಕಾಯೋಕೆ ನಾನು ಇಲ್ಲದ ಬೆಕ್ಕು ಸಾಕ್ತಾ ಇದೀನಿ. ಮನೇಲಿ ನಾನು ನಿಮ್ಮ ಕಿವಿ, ಆಯ್ತು. ಆ ಹುಡುಗಿ ಗಾಡೀಲಿ ಕೂರೋರಿಗೆ ಯಾರು?"

ಮೇಸ್ತ್ರಿ ಕೈ ತೊಳೆದು ಹೊರಟ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡ. ಒಳಗೆ ಹೋದ ಕೂಡಲೇ ಸುತ್ತಿಗೆಯನ್ನು ಪಕ್ಕಕ್ಕೆ ಕರೆಯುವುದು. ಮೆಲ್ಲಗೆ, ಒಬ್ಬನಿಗೇ ಹೇಳುವುದು. ಕಿವಿ ಸ್ವಲ್ಪ ಮಂದವಾಗಿದೆ, ಇನ್ನೊಮ್ಮೆ ಬೇರೆಯವರಿಗೆ ತೋರಿಸು ಎನ್ನುವುದು. ಸ್ವಲ್ಪ ಎಂಬ ಮಾತನ್ನು ಸೇರಿಸಿದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಆದರೂ ತೆಗೆಯಲಿಲ್ಲ.

ನಾಲ್ಕಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಶೆಡ್ಡಿನಲ್ಲಿ ಒಬ್ಬ ಆಳು ಗ್ರೈಂಡರ್ ಹಿಡಿದು ಕಬ್ಬಿಣ ಕೊರೆಯುತ್ತಿದ್ದ. ಕಿಡಿಗಳು ಕಾರಂಜಿಯಾಗಿ ಹಾರುತ್ತಿದ್ದವು. ಅವನ ಕಿವಿಯಲ್ಲಿ ಏನೂ ಇರಲಿಲ್ಲ, ಒಂದು ಚೂರು ಹತ್ತಿ ಕೂಡ. ಕಾರಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸುತ್ತಿಗೆ ಕೂತಿದ್ದ. ಬೆಣ್ಣೆ ಅವನಿಗೆ ಏನೋ ಹಚ್ಚುತ್ತಿದ್ದ. ಮಗಳು ಬಾನೆಟ್ಟಿಗೆ ಒರಗಿ ಕಾಗದ ಓದುತ್ತಿದ್ದಳು.

ಮೇಸ್ತ್ರಿ ಬಗ್ಗಿ ಸುತ್ತಿಗೆಯ ಕಿವಿಯ ಹತ್ತಿರ ಹೇಳಿದ. "ನನ್ನ ಕಿವಿ ಹೋಗಿದೆ ಕಣೋ. ಗಾಡಿ ತಗೋಬೇಡಿ."

"ಆಂ?" ಸುತ್ತಿಗೆ ಮುಖ ತಿರುಗಿಸಿದ. "ಏನಂದೆ? ಇರು, ಮಿಷನ್ ಆಫ್ ಮಾಡಿದೀನಿ. ಈ ಬೆಣ್ಣೆ ಮಾತಿಗೆಲ್ಲ ಬ್ಯಾಟರಿ ಯಾಕೆ ಸುಡ್ಲಿ ಅಂತ..." ಅವನು ಗುಂಡಿ ಒತ್ತಲು ತಡಕಾಡಿದ. "ಗ್ರೈಂಡರ್ ಬೇರೆ. ಜೋರಾಗಿ ಹೇಳು."

ಇನ್ನೊಮ್ಮೆ ಹೇಳಬೇಕಾದೀತೆಂದು ಮೇಸ್ತ್ರಿ ಎಣಿಸಿರಲಿಲ್ಲ. ಒಮ್ಮೆ ಹೇಳಲು ಮೂವತ್ತು ವರ್ಷದ ಬಲ ಖರ್ಚಾಗಿತ್ತು. ಎದೆ ತುಂಬ ಉಸಿರೆಳೆದು, ಗ್ರೈಂಡರಿನ ಸದ್ದನ್ನು ಮೀರಿಸಲೆಂದು ಕೂಗಿದ.

"ನನಗೆ ಕಿವಿ ಕೇಳಿಸಲ್ಲ! ನಾಲ್ಕು ವರ್ಷದಿಂದ ಕೇಳಿಸಲ್ಲ! ನಿನ್ನ ಮಗಳು ಕೇಳಿದ್ದು ನಿಜ! ನಾನು ಸುಳ್ಳು ಹೇಳಿದೆ!"

ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ಆಮೇಲೆ ಕಂಡಿತು. ಗ್ರೈಂಡರ್ ಹಿಡಿದವನು ಕೂಡ. ಅವನ ಕೈಯ ಗ್ರೈಂಡರು ಯಾವಾಗಲೋ ನಿಂತಿತ್ತು. ಕಿಡಿ ಇರಲಿಲ್ಲ. ಶೆಡ್ಡು ನಿಶ್ಶಬ್ದವಾಗಿತ್ತು, ಆ ನಿಶ್ಶಬ್ದದ ನಡುವೆ ನಿಂತು ಅವನೊಬ್ಬನೇ ಅರಚಿದ್ದ. ಸದ್ದು ನಿಂತದ್ದು ಕೂಡ ಕೇಳಿಸದವನು ಅಂಗಳದ ನಡುವೆ ನಿಂತಿದ್ದ. ಇನ್ನು ಯಾರಿಗೂ ಸಾಕ್ಷಿ ಬೇಕಿರಲಿಲ್ಲ.

ಕಿವಿಯ ತುದಿಯವರೆಗೂ ರಕ್ತ ನುಗ್ಗಿತು.

"ಮೇಸ್ತ್ರಿಗಳಿಗೆ ಬಿಸಿಲು ಹೊಡೆದಿದೆ," ಬೆಣ್ಣೆ ಎದ್ದ. "ಸದ್ದೂ ಇಲ್ಲ ಗಿದ್ದೂ ಇಲ್ಲ. ಬೇಕಿದ್ರೆ ಈಗಲೇ ಸ್ಟಾರ್ಟ್ ಮಾಡ್ತೀನಿ, ಎಲ್ಲರೂ ಕೇಳಿಸ್ಕೊಳ್ಳಿ."

ಮಗಳು ಬಾನೆಟ್ಟು ಎತ್ತಿದಳು. ಎಂಜಿನ್ನಿನ ಮೇಲೆ ಅಂಗೈ ಇಟ್ಟು, ಥಟ್ಟನೆ ಹಿಂದಕ್ಕೆಳೆದುಕೊಂಡಳು. "ಬಿಸಿ ಇದೆ. ಊಟದ ಹೊತ್ತಲ್ಲಿ ಓಡಿಸಿಟ್ಟಿದೀರಿ. ನೆಂಟರ ಮುಂದಿನ ಮಗು ಅಲ್ವಾ ಇದು?"

ಗ್ರೈಂಡರಿನವನು ಕಿಸಕ್ಕನೆ ನಕ್ಕ. ಆದರೆ ಮಗಳು ನಗಲಿಲ್ಲ. ಮೇಸ್ತ್ರಿಯ ಕಡೆ ತಿರುಗಿ, ಅದೇ ಬಿಡಿಸಿದ, ನಿಧಾನದ ಮಾತಿನಲ್ಲಿ, ಒಂದಕ್ಷರವೂ ತಪ್ಪದಂತೆ ಕೇಳಿದಳು.

"ಕೇಳಿಸ್ಲಿಲ್ಲ, ಸರಿ. ನಾನು ಹೇಳಿದೆನಲ್ಲ, ಆಗ ಗೊತ್ತಾಯ್ತಾ?"

"ಗೊತ್ತಾಯ್ತು."

"ಗೊತ್ತಾಗಿಯೂ ನಕ್ಕಿರಾ, ಮೇಸ್ತ್ರಿಗಳೇ?"

ದೊಡ್ಡಪ್ಪ ಹೋಗಿ ಮೇಸ್ತ್ರಿಗಳೇ ಬಂದಿತ್ತು. ಅವನು ತಲೆಯೆತ್ತಿ ಅವಳ ಮುಖವನ್ನು ನೋಡಿದ. ಬೆಳಿಗ್ಗೆ ನೋಡಬೇಕಿದ್ದ ಮುಖವನ್ನು ಈಗ ನೋಡಿದ.

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದು ಓನರು ಹೊರಬಂದ. ಬೆಣ್ಣೆಗೆ ವ್ಯಾಪಾರ ತಪ್ಪಿದ ಕೋಪ ತಲೆಗೇರಿತ್ತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನ ಮುಖ ಅಲ್ಲಾಡಿತು.

"ಏನ್ ಮೇಸ್ತ್ರೀ, ದೊಡ್ಡ ಗುಟ್ಟು ಹೇಳಿದ ಹಾಗೆ ಆಡ್ತೀರಲ್ಲ. ನಿಮ್ಮ ಕಿವಿ ವಿಷಯ ನನಗೆ ಎರಡು ವರ್ಷದಿಂದ ಗೊತ್ತು. ಓನರಿಗೂ ಗೊತ್ತು, ಗಾಡಿಗಿಷ್ಟು ಅಂತ ಪಾಲೂ ಹೋಗ್ತದೆ. ಅದಕ್ಕೇ ಅಲ್ವಾ ಇಂಥ ಗಾಡಿಗಳನ್ನ ಇಲ್ಲಿಗೇ ತರೋದು!"

ಓನರು ಅವನನ್ನು ಕಣ್ಣಲ್ಲೇ ಸುಟ್ಟ. ಆಮೇಲೆ ಮೇಸ್ತ್ರಿಯ ಹೆಗಲ ಮೇಲೆ ಕೈ ಹಾಕಿ ಕೆಳದನಿಯಲ್ಲಿ ಏನೋ ಹೇಳಿದ. ಕೇಳಿಸಲಿಲ್ಲ, ಆದರೆ ತುಟಿ ಓದುವುದು ಮೇಸ್ತ್ರಿಗೆ ಬರುತ್ತಿತ್ತು. "ಆದದ್ದಾಯ್ತು ಬಿಡಿ. ಕೆಲಸ ಎಲ್ಲೂ ಹೋಗಲ್ಲ. ಮೊದಲಿನ ಹಾಗೇ ಇರಿ."

ಮೊದಲಿನ ಹಾಗೇ! ಕಿವಿ ಹೋಗಿದೆಯೆಂದು ಗೊತ್ತಾದರೆ ಕೆಲಸ ಹೋದೀತು ಎಂಬ ಹೆದರಿಕೆಯಲ್ಲಿ ನಾಲ್ಕು ವರ್ಷ ಬೆವರಿದ್ದ. ಹೋಗಿದ್ದರಿಂದಲೇ ಕೆಲಸ ಉಳಿದಿತ್ತು. ಕೇಳುವ ಕಿವಿ ಅವರಿಗೆ ಉಪಯೋಗಕ್ಕೆ ಬಂದದ್ದು ಸ್ವಲ್ಪವೇ. ಕೇಳದ ಕಿವಿ, ಅದರ ಮೇಲೆ ಊರಿನ ನಂಬಿಕೆ, ಇವೆರಡೂ ಕೂಡಿದರೆ ಅದಕ್ಕಿಂತ ಒಳ್ಳೆಯ ಬಂಡವಾಳ ಯಾವ ಓನರಿಗೆ ಸಿಕ್ಕೀತು? ಕಿವಿ ಕಿತ್ತುಕೊಂಡವರೇ ಅದನ್ನು ಬೋರ್ಡಿಗೆ ಬರೆಸಿದರು. ಅವನು ಅದರ ಕೆಳಗೆ ಪೂಜಾರಿಯಂತೆ ನಿಂತು ಎಷ್ಟು ಜನಕ್ಕೆ 'ಗಟ್ಟಿ ಇದೆ' ಎಂದನೋ. ಒಂದು ನೀಲಿ ಕಾರು ನೆನಪಾಯಿತು. ಕೊಂಡವರು ಗಂಡ ಹೆಂಡತಿ, ತರಕಾರಿ ಸಾಗಿಸುವವರು. ಆಮೇಲೊಂದು ಶಾಲೆಯ ವ್ಯಾನು. ಶಾಲೆಯ ವ್ಯಾನು! ಕಾಲ ಕೆಳಗಿನ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಓನರಿನ ಕೈಯನ್ನು ಹೆಗಲಿಂದ ತೆಗೆದ. ಪೇಂಟು ಹೊಡೆಯುವ ಮೂಲೆಗೆ ಹೋಗಿ, ಅರ್ಧ ಖಾಲಿಯಾದ ಕೆಂಪು ಪ್ರೈಮರಿನ ಡಬ್ಬಿಯನ್ನೂ ಅಗಲದ ಬ್ರಷ್ಷನ್ನೂ ಎತ್ತಿಕೊಂಡ. ಗೋಡೆಗೆ ಒರಗಿಸಿದ್ದ ಏಣಿಯನ್ನು ಎಳೆದುಕೊಂಡು ಬಾಗಿಲಿಗೆ ನಡೆದ.

"ಎಲ್ಲಿಗೆ?" ಓನರು ಕೇಳಿರಬೇಕು. ಬೆನ್ನು ಮಾಡಿದ್ದರಿಂದ ಅದು ಅವನಿಗೆ ತಲುಪಲಿಲ್ಲ.

ಏಣಿ ಬೋರ್ಡಿಗೆ ಆನಿಸಿ ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಅದು ನಡುಗಿತು. ನಾಲ್ಕನೆಯ ಮೆಟ್ಟಿಲಿಗೆ ಅದು ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಿಂತಿತು. ಕೆಳಗೆ ನೋಡಿದ. ಸುತ್ತಿಗೆ ಎರಡೂ ಕೈಯಲ್ಲಿ ಏಣಿ ಹಿಡಿದು, ಮುಖ ಮೇಲೆತ್ತಿ ನಿಂತಿದ್ದ. ಕಿವಿಯ ಮಿಷನ್ನಿನ ಪುಟ್ಟ ದೀಪ ಉರಿಯುತ್ತಿತ್ತು.

"ನನ್ನ ಕ್ಷಮಿಸು ಕಣೋ," ಮೇಸ್ತ್ರಿ ಎಂದ. "ಆವತ್ತಿನ ಅರ್ಜಿಗೂ."

"ಕ್ಷಮೆ ಗಿಮೆ ನನ್ನ ಹತ್ರ ಸ್ಟಾಕಿಲ್ಲ," ಸುತ್ತಿಗೆ ತುಟಿ ಬಿಡಿಸಿ, ಮಗಳು ತನಗೆ ಹೇಳುವ ಹಾಗೆಯೇ ನಿಧಾನವಾಗಿ ಹೇಳಿದ. "ಹನ್ನೊಂದು ಜನರ ಹೆಸರಿಗೆ ಗೀಟು ಎಳೆಸಿದವನು ನೀನು. ಮೊದಲ ಸಾಲು ಖಾಲಿ ಬಿಟ್ಟಿದ್ದೆ ನಿನಗೋಸ್ಕರ. ಅದು ಹಾಗೇ ಇದೆ." ತಲೆಯಿಂದ ಶೆಡ್ಡಿನ ಕಡೆ ತೋರಿಸಿದ. ಅಲ್ಲಿ ಗ್ರೈಂಡರಿನವನು ಬಾಗಿಲಿಗೆ ಬಂದು ನಿಂತು, ಒಂದು ಕೈಯಲ್ಲಿ ತನ್ನ ಕಿವಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದ. "ಇಳಿದ ಮೇಲೆ ಇವನ ಜೊತೆ ಕೂತು ಹೊಸ ಅರ್ಜಿ ಬರಿ, ಬೇಕಿದ್ರೆ."

ಮಗಳು ಆಗಲೇ ರಸ್ತೆಗೆ ಇಳಿದಿದ್ದಳು. ಹಿಂದಿರುಗಿ ನೋಡಲಿಲ್ಲ.

ಮೇಸ್ತ್ರಿ ಬ್ರಷ್ಷು ಅದ್ದಿದ. ಮೊದಲ ಗೀಟು ಕಿವಿಯ ಮಧ್ಯಕ್ಕೆ ಬಿತ್ತು. ಕೆಂಪು ಬಣ್ಣ ಹಾಲೆಯಿಂದ ತೊಟ್ಟಿಕ್ಕಿ ಸುತ್ತಿಗೆಯ ಹಣೆಯ ಮೇಲೆ ಬಿದ್ದಿತು. ಮೇಸ್ತ್ರಿ ಇನ್ನೊಂದು ಗೀಟಿಗೆ ಪಕ್ಕಕ್ಕೆ ವಾಲಿದ.

"ನೆಟ್ಟಗೆ ನಿಂತ್ಕೊಳ್ಳೋ," ಸುತ್ತಿಗೆ ಹಣೆ ಒರೆಸಿಕೊಂಡು ಕೂಗಿದ. "ಬಿದ್ದು ಸಾಯ್ಬೇಡ. ನಿನ್ನ ಬಯ್ಯೋದು ಇನ್ನೂ ಹನ್ನೆರಡು ವರ್ಷದ್ದು ಬಾಕಿ ಇದೆ."

ಅದು ಪೂರ್ತಿಯಾಗಿ ಕೇಳಿಸಿತು.